ನೂರಕ್ಕೆ ನಾಲ್ಕು: ಜೈಲಿನಲ್ಲಿ ಹೆಂಗಸರು ಯಾಕೆ ಕಡಿಮೆ, ಒಳಗೆ ಹೋದವರನ್ನು ಬಿಡಿಸಲು ಯಾಕೆ ಜನ ಇಲ್ಲ

ಜೈಲಿನ ಭೇಟಿ ದಿನ ಒಮ್ಮೆ ಹೊರಗೆ ನಿಂತು ನೋಡಬೇಕು. ಪರಿಚಯದ ವಕೀಲರೊಬ್ಬರ ಜೊತೆ ಹೋಗಿದ್ದಾಗ ನಾನು ಎರಡು ಗಂಟೆ ಹಾಗೆ ನಿಂತಿದ್ದೆ. ಹೆಸರು ಬರೆಸುವ ಸಾಲಿನಲ್ಲಿ ಇದ್ದವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಗಂಡನನ್ನು ನೋಡಲು ಬಂದ ಹೆಂಡತಿ, ಮಗನನ್ನು ನೋಡಲು ಬಂದ ತಾಯಿ, ಅಣ್ಣನಿಗೆ ಬಟ್ಟೆ ತಂದ ತಂಗಿ. ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಅದರೊಳಗೆ ಒಗೆದು ಮಡಚಿದ ಅಂಗಿ, ಸೋಪು, ಬಿಸ್ಕತ್ತು. ಮಹಿಳಾ ವಿಭಾಗಕ್ಕೆ ಅಂತ ಆ ಎರಡು ಗಂಟೆಯಲ್ಲಿ ಹೆಸರು ಬರೆಸಿದವರು ಇಬ್ಬರೇ. ಒಬ್ಬರು ವಯಸ್ಸಾದ ತಾಯಿ, ಇನ್ನೊಬ್ಬರು ನನ್ನ ಜೊತೆಗಿದ್ದ ವಕೀಲರು. ಹೆಂಡತಿಯನ್ನು ನೋಡಲು ಬಂದ ಗಂಡ ಒಬ್ಬನೂ ಇರಲಿಲ್ಲ.

ಒಂದು ದಿನ ಕಂಡದ್ದನ್ನು ಇಡೀ ರಾಜ್ಯದ ಲೆಕ್ಕ ಅಂತ ಹೇಳಲು ಆಗುವುದಿಲ್ಲ. ಆದರೆ ಆ ಸಾಲು ನೋಡಿದ ಮೇಲೆ, ಹೆಣ್ಣು-ಗಂಡು ಮತ್ತು ಅಪರಾಧದ ಬಗ್ಗೆ ಸಮಾಜಶಾಸ್ತ್ರದವರು ಬರೆದದ್ದೆಲ್ಲ ನನಗೆ ಬೇರೆ ರೀತಿ ಕಾಣತೊಡಗಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅವರಲ್ಲಿ ಹೆಂಗಸರು 23,772. ಅಂದರೆ ಶೇ. 4.1. ಜನಸಂಖ್ಯೆಯಲ್ಲಿ ಅರ್ಧದಷ್ಟಿರುವವರು ಜೈಲಿನಲ್ಲಿ ನೂರಕ್ಕೆ ನಾಲ್ಕು ಜನ. ಬೇರೆ ದೇಶಗಳಲ್ಲೂ ಹೀಗೇ, ಜಗತ್ತಿನ ಸರಾಸರಿ ಶೇ. 7ರ ಆಸುಪಾಸು. ಬಡತನ, ಓದು, ಜಾತಿ, ವಯಸ್ಸು ಹೀಗೆ ಯಾವ ಲೆಕ್ಕ ಹಿಡಿದರೂ ಅಪರಾಧದಲ್ಲಿ ಇಷ್ಟು ದೊಡ್ಡ ಅಂತರ ಸಿಗುವುದು ಕಷ್ಟ. ಇಷ್ಟು ದೊಡ್ಡ ಅಂತರದ ಬಗ್ಗೆ ಬಹಳ ಕಾಲ ಯಾರೂ ಗಂಭೀರವಾಗಿ ಕೇಳಲೇ ಇಲ್ಲ. ಅಪರಾಧ ಅಂದರೆ ಗಂಡಸರ ವಿಷಯ ಅಂದುಕೊಂಡು ಸುಮ್ನೆ ಮುಂದೆ ಹೋದರು.

ಕೇಳಿದವರೂ ಮೊದಮೊದಲು ವಿಚಿತ್ರ ಉತ್ತರ ಕೊಟ್ಟರು. 1893ರಲ್ಲಿ ಇಟಲಿಯ ವೈದ್ಯ ಲೊಂಬ್ರೊಸೊ, ಹೆಣ್ಣು ವಿಕಾಸದಲ್ಲಿ ಹಿಂದೆ ಉಳಿದವಳು, ಅದಕ್ಕೇ ಅಪರಾಧ ಕಡಿಮೆ, ಹಾಗಿದ್ದೂ ಅಪರಾಧ ಮಾಡುವ ಹೆಣ್ಣು ರಾಕ್ಷಸಿ ಅಂದ. ಆಮೇಲೆ 1950ರಲ್ಲಿ ಅಮೆರಿಕದ ಆಟೊ ಪೊಲಾಕ್ ಬೇರೆ ಮಾತು ಹೇಳಿದ. ಹೆಂಗಸರೂ ಸಾಕಷ್ಟು ಅಪರಾಧ ಮಾಡುತ್ತಾರೆ, ಆದರೆ ಅಡುಗೆಮನೆಯಲ್ಲಿ, ರೋಗಿಯ ಮಂಚದ ಪಕ್ಕದಲ್ಲಿ ಯಾರಿಗೂ ಕಾಣದ ಹಾಗೆ ಮಾಡುತ್ತಾರೆ, ಪೊಲೀಸರೂ ಜಡ್ಜುಗಳೂ ಗಂಡಸರಾದ್ದರಿಂದ ಪಾಪ ಹೆಣ್ಣು ಅಂತ ಬಿಟ್ಟುಬಿಡುತ್ತಾರೆ ಅನ್ನುವುದು ಅವನ ವಾದ. ಲೊಂಬ್ರೊಸೊ ಮಾತನ್ನು ಇವತ್ತು ಯಾವ ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲ. ಆದರೆ ನಮ್ಮ ಟಿವಿಯಲ್ಲಿ ಹೆಂಗಸೊಬ್ಬಳ ಕೊಲೆ ಕೇಸು ಬಂದಾಗ ಕೇಳುವ ಮೊದಲ ಪ್ರಶ್ನೆ ಏನು? "ಹೆಣ್ಣಾಗಿ ಹೀಗೆ ಮಾಡಿದಳಾ?" ಅಂತಲೇ ಅಲ್ವಾ. "ಗಂಡಾಗಿ ಹೀಗೆ ಮಾಡಿದನಾ" ಅಂತ ಯಾರೂ ಕೇಳಿದ್ದು ನಾನು ಕೇಳಿಲ್ಲ.

ನನಗೆ ಸರಿ ಅನಿಸುವ ಉತ್ತರ ಕೊಟ್ಟವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಫ್ರಾನ್ಸಿಸ್ ಹೈಡೆನ್‌ಸನ್, 1985ರಲ್ಲಿ. ಹೆಂಗಸರು ಯಾಕೆ ಅಪರಾಧ ಮಾಡುತ್ತಾರೆ ಅನ್ನುವ ಪ್ರಶ್ನೆ ಬಿಡಿ, ಯಾಕೆ ಇಷ್ಟು ಕಡಿಮೆ ಮಾಡುತ್ತಾರೆ ಅಂತ ಕೇಳಿ ಅಂದರು ಅವರು. ಅವರ ಉತ್ತರ ಸರಳ. ಹೆಣ್ಣಿನ ಮೇಲೆ ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ, ಮೂರೂ ಕಡೆ ಕಣ್ಣಿರುತ್ತದೆ. ಆ ಕಣ್ಣು ತಪ್ಪಿಸಿ ತಪ್ಪು ಮಾಡುವ ಸಮಯವೂ ಇಲ್ಲ, ಜಾಗವೂ ಇಲ್ಲ.

ಇದು ನಮಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವೇ ಅಲ್ಲ. ದಾವಣಗೆರೆಯಲ್ಲೋ ಹಾಸನದಲ್ಲೋ ಬೆಳೆಯುವ ಹದಿನಾರರ ಹುಡುಗಿಯ ದಿನ ನೆನಪಿಸಿಕೊಳ್ಳಿ. ಟ್ಯೂಷನ್ ಆರಕ್ಕೆ ಮುಗಿದರೆ ಆರೂಕಾಲಿಗೆ ಮನೆಯಲ್ಲಿ ಇರಬೇಕು. ಆರೂವರೆ ಆದರೆ ಅಮ್ಮನ ಫೋನು, ಏಳಾದರೆ ಅಪ್ಪನ ಫೋನು. ಬೀದಿ ಕೊನೆಯ ಅಂಗಡಿಯವನು ಕೂಡ "ನಿಮ್ಮ ಹುಡುಗಿ ಯಾರದೋ ಗಾಡಿಯಲ್ಲಿ ಬಂದಳು" ಅಂತ ಮನೆಗೆ ವರದಿ ಮುಟ್ಟಿಸುತ್ತಾನೆ. ಅದೇ ಮನೆಯ ಅವಳ ಅಣ್ಣ ರಾತ್ರಿ ಹನ್ನೊಂದರವರೆಗೆ ಸರ್ಕಲ್ಲಿನಲ್ಲಿ ಗೆಳೆಯರ ಜೊತೆ ನಿಂತಿರುತ್ತಾನೆ. ಯಾರದೋ ಜೊತೆ ಹೊಡೆದಾಟ ಆದರೆ, ಬೈಕಿನ ಮೇಲೆ ಕೇಸು ಬಿದ್ದರೆ, "ಗಂಡು ಹುಡುಗ, ವಯಸ್ಸು, ಸರಿ ಹೋಗ್ತಾನೆ" ಅನ್ನುತ್ತೇವೆ. ಅಮೆರಿಕದ ಮೆಸ್ಸರ್‌ಸ್ಮಿತ್ 1993ರಲ್ಲಿ ಹೇಳಿದ್ದು ಹತ್ತಿರ ಹತ್ತಿರ ಇದೇ. ಓದು, ಕೆಲಸ, ದುಡ್ಡು ಇವುಗಳಿಂದ ತಾನು ಗಂಡಸು ಅಂತ ತೋರಿಸಿಕೊಳ್ಳಲು ಆಗದ ಹುಡುಗ ಹೊಡೆದಾಟದಿಂದ ತೋರಿಸಿಕೊಳ್ಳುತ್ತಾನೆ. ಕೊಲೆಯಾಗುವವರಲ್ಲೂ ಗಂಡಸರೇ ಜಾಸ್ತಿ, 2022ರಲ್ಲಿ ನೂರಕ್ಕೆ ಎಪ್ಪತ್ತರಷ್ಟು. ಗಂಡು ಹುಡುಗ ಅಂತ ಬಿಟ್ಟ ಆ ಸಲಿಗೆಯಲ್ಲಿ ಗಂಡು ಮಕ್ಕಳೇ ಸಾಯುತ್ತಿದ್ದಾರೆ.

ಮದುವೆಯಾದ ಮೇಲೆ ಹುಡುಗಿಯ ಮೇಲಿನ ಕಣ್ಣು ಕಡಿಮೆ ಆಗುವುದಿಲ್ಲ, ಕೆಲಸ ಸೇರಿಕೊಳ್ಳುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಐದು ಗಂಟೆ ಒಲೆ, ಪಾತ್ರೆ, ಬಟ್ಟೆ. ಹೈಡೆನ್‌ಸನ್ ಹೇಳಿದ ಸಮಯ ಇಲ್ಲ ಅನ್ನುವ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಲ್ಲಿ ಒಂದು ಭಯ ಎದ್ದೇಳುತ್ತದೆ. ಹಾಗಾದರೆ ಕಟ್ಟು ಸಡಿಲವಾದರೆ ಹೆಣ್ಣುಮಕ್ಕಳೂ ಗಂಡಸರ ಹಾಗೆ ಅಪರಾಧ ಮಾಡುತ್ತಾರಾ? 1975ರಲ್ಲಿ ಅಮೆರಿಕದ ಫ್ರೀಡಾ ಆಡ್ಲರ್ ಹೌದು ಅಂದಿದ್ದರು. ಸ್ವಾತಂತ್ರ್ಯ ಬಂದಂತೆ ಹೆಂಗಸರು ಗಂಡಸರ ಕೆಲಸಗಳಿಗೆ ಹೇಗೆ ಬರುತ್ತಾರೋ ಹಾಗೆ ಗಂಡಸರ ಅಪರಾಧಗಳಿಗೂ ಬರುತ್ತಾರೆ ಅಂತ. ನಮ್ಮ ಲೆಕ್ಕ ನೋಡಿ. 2015ರ ಕೊನೆಗೆ ಜೈಲಿನಲ್ಲಿದ್ದವರಲ್ಲಿ ಹೆಂಗಸರು ಶೇ. 4.3. ಆ ಏಳು ವರ್ಷದಲ್ಲಿ ಎಷ್ಟು ಹುಡುಗಿಯರು ಕಾಲೇಜು ಸೇರಿದರು, ಎಷ್ಟು ಜನ ಬೆಂಗಳೂರಿನ ಪೀಜಿಗಳಿಗೆ ಬಂದರು, ಎಷ್ಟು ಜನ ಸ್ಕೂಟರ್ ಕಲಿತರು! ಆದರೂ 2022ಕ್ಕೆ ಅದು ಶೇ. 4.1. ಸಂಖ್ಯೆ ಏರಿದೆ, ಆದರೆ ಗಂಡಸರ ಸಂಖ್ಯೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಏರಿದೆ. ಮಗಳನ್ನು ಹಾಸ್ಟೆಲಿಗೆ ಕಳಿಸಿದರೆ ಕೆಡುತ್ತಾಳೆ ಅನ್ನುವವರಿಗೆ ನಾನು ಈ ಅಂಕಿಯನ್ನು ತೋರಿಸಲು ಇಷ್ಟಪಡುತ್ತೇನೆ.

ಹಾಗಾದರೆ ಜೈಲಿಗೆ ಹೋಗುವ ಹೆಂಗಸರು ಯಾರು? ಬ್ರಿಟನ್ನಿನಲ್ಲಿ ಪ್ಯಾಟ್ ಕಾರ್ಲೆನ್ ಶಿಕ್ಷೆಯಾದ 39 ಕೂಲಿ ವರ್ಗದ ಹೆಂಗಸರನ್ನು ಮಾತಾಡಿಸಿ 1988ರಲ್ಲಿ ಬರೆದರು. ಸಮಾಜ ಹೆಣ್ಣಿಗೆ ಎರಡು ಮಾತು ಕೊಟ್ಟಿರುತ್ತದೆ ಅನ್ನುತ್ತಾರೆ ಅವರು. ದುಡಿದರೆ ಮರ್ಯಾದೆಯ ಬದುಕು ಅನ್ನುವುದು ಒಂದು, ಗಂಡ-ಮನೆ-ಮಕ್ಕಳಿಗೆ ನಿಷ್ಠೆಯಿಂದ ಇದ್ದರೆ ಪ್ರೀತಿ, ರಕ್ಷಣೆ ಅನ್ನುವುದು ಇನ್ನೊಂದು. ಎರಡೂ ಮಾತು ಹುಸಿಯಾದವರ ಬಳಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ನಮ್ಮಲ್ಲೂ ಕೋರ್ಟಿನ ಕಾರಿಡಾರಿನಲ್ಲಿ ಇಂಥವರೇ ಸಿಗುತ್ತಾರೆ. ಗಂಡ ಬಿಟ್ಟವಳು, ಸಾಲಕ್ಕೆ ಸಿಕ್ಕವಳು, ಯಾರದೋ ಗಾಂಜಾ ಪೊಟ್ಟಣ ಬಸ್ಸಿನಲ್ಲಿ ಸಾಗಿಸಿದವಳು. ಚೆಕ್ ಬೌನ್ಸ್ ಕೇಸಿನ ಕೋರ್ಟಿಗೆ ಹೋದರೆ, ವ್ಯವಹಾರ ಮಾಡಿದ್ದು ಗಂಡ, ಚೆಕ್ಕಿಗೆ ಸಹಿ ಹಾಕಿದ್ದು ಹೆಂಡತಿ, ಕಟಕಟೆಯಲ್ಲಿ ನಿಂತಿರುವುದೂ ಹೆಂಡತಿ ಅನ್ನುವಂಥ ಕೇಸುಗಳೂ ಇರುತ್ತವೆ.

ಇನ್ನೊಂದು ಗುಂಪು ಇದೆ. ಅತ್ತೆಯಂದಿರು, ನಾದಿನಿಯರು. ವರದಕ್ಷಿಣೆ ಕೇಸುಗಳಲ್ಲಿ ಒಳಗೆ ಹೋದವರು. ಈ ವಿಷಯದಲ್ಲಿ ಹೆಣ್ಣಿನ ಪರ ಮಾತಾಡುವ ನಮ್ಮಂಥವರು ತಡವರಿಸುತ್ತೇವೆ. ತಡವರಿಸಬಾರದು. ವರದಕ್ಷಿಣೆ ಸಾವಿಗೆ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಅರವತ್ತು ದಾಟಿದ ಅತ್ತೆಗೂ ಅಷ್ಟೇ, ಅದು ಸರಿಯೇ. ಹೊರಗೆಲ್ಲೂ ಮಾತು ನಡೆಯದ ಹೆಂಗಸಿಗೆ ಅಧಿಕಾರ ಸಿಗುವುದು ಮಗನ ಮದುವೆಯಾದ ಮೇಲೆ, ಅದೂ ಮಗನ ಹೆಸರಿನಲ್ಲಿ, ಅದೂ ಇನ್ನೊಬ್ಬ ಹೆಂಗಸಿನ ಮೇಲೆ. ಟರ್ಕಿಯ ಮೂಲದ ಡೆನಿಜ್ ಕಂಡಿಯೋಟಿ 1988ರಲ್ಲಿ ಇದನ್ನು ಗಂಡಾಳ್ವಿಕೆಯ ಜೊತೆ ಹೆಣ್ಣು ಮಾಡಿಕೊಳ್ಳುವ ಚೌಕಾಶಿ ಅಂತ ವಿವರಿಸಿದರು. ಸೊಸೆಯಾಗಿ ಸಹಿಸಿದರೆ ಮುಂದೆ ಅತ್ತೆಯಾಗಿ ಆಳಬಹುದು. ನಮ್ಮ ಅಜ್ಜಿಯರು ಇದನ್ನೇ "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ಹೇಳುತ್ತಿದ್ದರು. ಅಧಿಕಾರ ಸಿಕ್ಕ ಕಡೆ ಹೆಂಗಸರೂ ಹಿಂಸೆ ಮಾಡುತ್ತಾರೆ. ಹೆಣ್ಣು ಹುಟ್ಟಿನಿಂದಲೇ ಮೃದು ಅನ್ನುವ ಮಾತು ನಿಲ್ಲುವುದಿಲ್ಲ ಅಂತ ನಾನು ನಂಬುವುದು ಇದಕ್ಕೇ.

ಈಗ ಪೊಲಾಕ್ ಹೇಳಿದ ಇನ್ನರ್ಧಕ್ಕೆ ಬರೋಣ. ಕಾನೂನು ಹೆಂಗಸರಿಗೆ ಮೆತ್ತಗಿರುತ್ತದೆ ಅನ್ನುವ ಮಾತು. ಆನ್‌ಲೈನ್‌ನಲ್ಲಿ ದಿನಾ ಕಾಣುವ ದೂರು ಇದು. ಕಾಗದದ ಮೇಲೆ ರಿಯಾಯಿತಿ ಇರುವುದು ನಿಜ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸಬಾರದು, ತೀರಾ ಅಗತ್ಯವಿದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ವಿಚಾರಣೆಗೆ ಠಾಣೆಗೆ ಕರೆಸದೆ ಮನೆಗೇ ಹೋಗಬೇಕು. ದೊಡ್ಡ ಅಪರಾಧದ ಆರೋಪ ಇದ್ದರೂ ಹೆಣ್ಣು ಅನ್ನುವ ಕಾರಣಕ್ಕೆ ಜಾಮೀನು ಕೊಡಬಹುದು. 2018ರವರೆಗೆ ವ್ಯಭಿಚಾರದ ಕಾನೂನು ಕೂಡ ಗಂಡಸನ್ನು ಮಾತ್ರ ಶಿಕ್ಷಿಸುತ್ತಿತ್ತು. ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಯಾಕೆ ಗೊತ್ತಾ? ಆ ಕಾನೂನಿನಲ್ಲಿ ಹೆಂಡತಿ ಗಂಡನ ಆಸ್ತಿಯ ಹಾಗಿದ್ದಳು. ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಇರಲಿಲ್ಲ. ದಯೆಯ ಹಾಗೆ ಕಾಣುವ ಎಷ್ಟೋ ಕಾನೂನಿನ ಅಡಿಯಲ್ಲಿ ಇಂಥದೇ ಒಂದು ಲೆಕ್ಕ ಇರುತ್ತದೆ.

ಆ ದಯೆ ಯಾರಿಗೆ ಸಿಗುತ್ತದೆ ಅನ್ನುವುದು ಮುಖ್ಯ. ಅಬಲೆಯ ಹಾಗೆ ಕಂಡರೆ ಮಾತ್ರ ಸಿಗಬೇಕು ಅನ್ನುವ ಮನಸ್ಸು ನ್ಯಾಯಾಲಯದೊಳಗೂ ಇದೆ. ದೆಹಲಿ ಮದ್ಯ ನೀತಿ ಕೇಸಿನಲ್ಲಿ ತೆಲಂಗಾಣದ ರಾಜಕಾರಣಿ ಕೆ. ಕವಿತಾ ಅವರ ಜಾಮೀನು ಅರ್ಜಿಯನ್ನು 2024ರಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕುವಾಗ, ಅವರು ಓದಿದವರು, ದುರ್ಬಲ ಹೆಂಗಸಲ್ಲ ಅನ್ನುವ ಕಾರಣ ಕೊಟ್ಟಿತ್ತು. ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತರ್ಕವನ್ನು ಟೀಕಿಸಿ ಜಾಮೀನು ಕೊಟ್ಟಿತು. ಕವಿತಾ ತಪ್ಪು ಮಾಡಿದ್ದಾರೋ ಇಲ್ಲವೋ ಅದು ಬೇರೆ ವಿಷಯ. ಓದಿಕೊಂಡವಳು ಕಾನೂನಿನ ಆ ರಿಯಾಯಿತಿಗೆ ತಕ್ಕ ಹೆಣ್ಣಲ್ಲ ಅಂತ ಒಂದು ಹೈಕೋರ್ಟಿಗೆ ಅನಿಸಿತಲ್ಲ, ನನ್ನನ್ನು ಯೋಚನೆಗೆ ಹಚ್ಚಿದ್ದು ಅದು.

ಇನ್ನು ಸಂಸಾರದ ಹೊರಗಿನ ಹೆಣ್ಣಾದರೆ? ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ 8ನೇ ಸೆಕ್ಷನ್ ಓದಿ. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದರೆ ಹೆಂಗಸಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು. ಅದೇ ಅಪರಾಧ ಗಂಡಸು ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ಹೆಂಗಸನ್ನು ಜೈಲಿನ ಬದಲು ಸುಧಾರಣಾ ಸಂಸ್ಥೆಗೆ ಕಳಿಸಬಹುದು, ಎರಡರಿಂದ ಐದು ವರ್ಷ. ಹಾಗೇ ಅಲೆಮಾರಿ ಸಮುದಾಯಗಳ ಹೆಂಗಸರನ್ನು ತೆಗೆದುಕೊಳ್ಳಿ. 1871ರ ಬ್ರಿಟಿಷರ ಕಾನೂನು ಇಡೀ ಜಾತಿಗಳನ್ನೇ ಹುಟ್ಟು ಅಪರಾಧಿಗಳು ಅಂದಿತು, ಹುಬ್ಬಳ್ಳಿಯಲ್ಲಿ ಅವರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಜನ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ಕಾನೂನು 1952ರಲ್ಲಿ ಹೋಯಿತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸರ ಕಳುವಾದರೆ ಮೊದಲು ಅನುಮಾನದ ಕಣ್ಣು ಯಾರ ಮೇಲೆ ಹೋಗುತ್ತದೆ ಅನ್ನುವುದು ನಮಗೆಲ್ಲ ಗೊತ್ತು. "ಪಾಪ, ಹೆಣ್ಣು" ಅನ್ನುವ ಮಾತು ಅವರ ವಿಷಯದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಕೊಲೆಯ ಕಾನೂನಿನಲ್ಲೂ ಒಂದು ಗಂಡು ಅಳತೆ ಕೂತಿದೆ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಸಿಟ್ಟಿಗೆದ್ದು ಕೊಂದರೆ ಅದು ಕೊಲೆ ಅಲ್ಲ, ಅದಕ್ಕಿಂತ ಕಡಿಮೆ ಅಪರಾಧ. ಹಠಾತ್ ಅನ್ನುವ ಪದ ಗಮನಿಸಿ. ಸಮಬಲದ ಇಬ್ಬರು ಗಂಡಸರ ಜಗಳಕ್ಕೆ ಅದು ಸರಿ. ಹತ್ತು ವರ್ಷ ಏಟು ತಿಂದ ಹೆಂಡತಿ ಗಂಡ ಎಚ್ಚರವಾಗಿದ್ದಾಗ ತಿರುಗಿ ನಿಲ್ಲಲಾರಳು, ಅವನು ಕುಡಿದು ಮಲಗಿದ ಮೇಲೆ ಏನಾದರೂ ಮಾಡಿಯಾಳು. ಕಾನೂನಿನ ಕಣ್ಣಿಗೆ ಅದು ಹಠಾತ್ ಅಲ್ಲ, ಯೋಚಿಸಿ ಮಾಡಿದ ಕೊಲೆ. ಬ್ರಿಟನ್ನಿನಲ್ಲಿ 1989ರಲ್ಲಿ ಪಂಜಾಬಿ ಮೂಲದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷದ ಹಿಂಸೆಯ ಕೊನೆಗೆ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು, ಜೀವಾವಧಿ ಆಯಿತು. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನುವ ಅಲ್ಲಿನ ಹೆಂಗಸರ ಸಂಘಟನೆ ಹೋರಾಡಿತು, 1992ರಲ್ಲಿ ಆ ಶಿಕ್ಷೆ ರದ್ದಾಗಿ ಅವರು ಹೊರಬಂದರು. 2009ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ಬದಲಿಸಿ ಹಠಾತ್ ಅನ್ನುವ ಷರತ್ತು ತೆಗೆಯಿತು.

ನಮ್ಮಲ್ಲಿ 1989ರಲ್ಲೇ ಮದ್ರಾಸ್ ಹೈಕೋರ್ಟ್ ಒಂದು ಹೆಜ್ಜೆ ಇಟ್ಟಿತ್ತು. ಗಂಡನ ಹಿಂಸೆ ತಾಳಲಾರದೆ ಮಕ್ಕಳ ಜೊತೆ ಬಾವಿಗೆ ಹಾರಿ, ತಾನೊಬ್ಬಳೇ ಉಳಿದ ತಾಯಿಯ ಮೇಲಿನ ಕೊಲೆ ಕೇಸು ಅದು. ತಮಿಳು ಜನಪದದಲ್ಲಿ ನಲ್ಲತಂಗಾಳ್ ಅನ್ನುವ ತಾಯಿ ಬಡತನ, ಅವಮಾನ ತಾಳದೆ ಏಳು ಮಕ್ಕಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಕೋರ್ಟ್ ಆ ಹೆಸರನ್ನೇ ಹಿಡಿದು, ಪ್ರಚೋದನೆ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೂಡಿಬರಲೂಬಹುದು ಅಂತ ಒಪ್ಪಿತು. ನಮ್ಮ ಪೇಪರುಗಳ ಜಿಲ್ಲಾ ಪುಟದಲ್ಲಿ "ಮಕ್ಕಳೊಂದಿಗೆ ಬಾವಿಗೆ ಹಾರಿದ ತಾಯಿ" ಅಂತ ನಾಲ್ಕು ಸಾಲಿನ ಸುದ್ದಿ ಓದಿದಾಗಲೆಲ್ಲ ನನಗೆ ಆ ತೀರ್ಪು ನೆನಪಾಗುತ್ತದೆ. ಆದರೆ 2024ರ ಜುಲೈನಿಂದ ಹಳೆಯ ದಂಡ ಸಂಹಿತೆಯ ಬದಲು ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಹಠಾತ್ ಅನ್ನುವುದು ಹಾಗೇ ಉಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು, ದೇಶದಲ್ಲೇ ಅತಿ ಜಾಸ್ತಿ. ಇಂಥ ರಾಜ್ಯದಲ್ಲಿ ಕೂತು ಈ ಒಂದು ಪದವನ್ನು ಪ್ರಶ್ನಿಸದೆ ಇರುವುದು ಹೇಗೆ?

ಮನೆಯ ಕಾವಲು ಹೆಣ್ಣನ್ನು ಕಾಯುತ್ತದೆ ಅಂತ ಹೇಳುವವರಿಗೆ ಇನ್ನೊಂದು ಕೇಸು ನೆನಪಿಸಬೇಕು. ದಕ್ಷಿಣ ಕನ್ನಡದ ಸೈನೈಡ್ ಮೋಹನ್. ಶಾಲೆ ಮೇಷ್ಟ್ರಾಗಿದ್ದವನು. ಮದುವೆಯಾಗುತ್ತೇನೆ ಅಂತ ನಂಬಿಸಿ, ಒಡವೆ ಹಾಕಿಕೊಂಡು ಬಾ ಅಂತ ಹೇಳಿ, ಲಾಡ್ಜಿನಲ್ಲಿ ಉಳಿದು, ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಹಾಗೆ ಮಾತ್ರೆ ಅಂತ ಸೈನೈಡ್ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದ. 2009ರಲ್ಲಿ ಸಿಕ್ಕಿಬಿದ್ದಾಗ ಅವನ ಮೇಲೆ ಬಿದ್ದದ್ದು 20 ಹೆಣ್ಣುಮಕ್ಕಳ ಕೊಲೆ ಕೇಸು. ಇಷ್ಟು ವರ್ಷ ಅವನು ತಪ್ಪಿಸಿಕೊಂಡದ್ದು ಹೇಗೆ? ಎಷ್ಟೋ ಮನೆಯವರು ಮಗಳು ಕಾಣೆಯಾಗಿದ್ದಾಳೆ ಅಂತ ದೂರೇ ಕೊಟ್ಟಿರಲಿಲ್ಲ. ಯಾರ ಜೊತೆಗೋ ಹೋಗಿದ್ದಾಳೆ, ಹೊರಗೆ ಹೇಳಿದರೆ ಮಾನ ಹೋಗುತ್ತದೆ ಅಂತ ಸುಮ್ಮನಾದರು. ಇತ್ತ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹೆಣ ಅಸಹಜ ಸಾವು ಅಂತ ದಾಖಲಾಯಿತು. ಆರೂಕಾಲಿಗೆ ಮನೆಗೆ ಬಾ ಅನ್ನುವ ಮರ್ಯಾದೆ, ಅವಳು ಬಾರದೆ ಹೋದಾಗ ಹುಡುಕಲು ಹೊರಡಲಿಲ್ಲ.

ಜೈಲಿನ ಸಾಲಿಗೆ ವಾಪಸ್ ಬರುತ್ತೇನೆ. ಆ ದಿನ ವಕೀಲರು ನೋಡಲು ಹೋಗಿದ್ದ ಹೆಂಗಸಿಗೆ ಜಾಮೀನು ಸಿಕ್ಕಿ ಆಗಲೇ ಹತ್ತಿರ ಹತ್ತಿರ ಮೂರು ತಿಂಗಳಾಗಿತ್ತು. ಆದೇಶ ಇದೆ, ಬಿಡುಗಡೆ ಇಲ್ಲ. ಯಾಕೆಂದರೆ ಶ್ಯೂರಿಟಿ ಇಲ್ಲ. ನಮ್ಮ ಕೋರ್ಟುಗಳಲ್ಲಿ ಶ್ಯೂರಿಟಿ ಅಂದರೆ ಬಾಯಿಮಾತಲ್ಲ, ಪಹಣಿ ತರಬೇಕು, ಇಲ್ಲವೇ ಮನೆಯ ಖಾತೆ, ಕಂದಾಯ ಕಟ್ಟಿದ ರಸೀದಿ, ಆಧಾರ್, ಫೋಟೋ. ತಂದವರು ಜಡ್ಜ್ ಮುಂದೆ ನಿಂತು, ಈಕೆ ನನಗೆ ಗೊತ್ತು, ತಾರೀಕಿಗೆ ಕರೆತರುವ ಜವಾಬ್ದಾರಿ ನನ್ನದು ಅನ್ನಬೇಕು. ಗಂಡಸು ಒಳಗಿದ್ದರೆ ಹೆಂಡತಿ ಅಣ್ಣತಮ್ಮಂದಿರ ಕಾಲು ಹಿಡಿದು, ತಾಳಿ ಅಡವಿಟ್ಟು, ಊರಿನ ಯಾರದೋ ಪಹಣಿ ತಂದು ಬಿಡಿಸುತ್ತಾಳೆ. ಹೆಂಗಸು ಒಳಗಿದ್ದರೆ ಯಾರು ಓಡಾಡಬೇಕು? ಗಂಡನ ಮನೆಯವರು ನಮ್ಮ ಮನೆಗೆ ಮಸಿ ಬಳಿದಳು ಅನ್ನುತ್ತಾರೆ. ತವರಿನವರಿಗೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳ ಹೆಸರಲ್ಲೇ ಜಮೀನಿದೆಯಾ ಅಂದರೆ, 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ಶೇ. 14ರಷ್ಟು ಮಾತ್ರ. ಆ ಹೆಂಗಸಿನ ತಮ್ಮ ಫೋನಿನಲ್ಲಿ ವಕೀಲರಿಗೆ ಹೇಳಿದ್ದು ಇಷ್ಟೇ: "ಸಾರ್, ನಂಗೂ ಮದುವೆಗೆ ಬಂದಿರೋ ಮಗಳಿದಾಳೆ."

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವನೂ ಅದೇ ಕಣ್ಣಿಗೆ ಹೆದರಿದವನು.

ಮಕ್ಕಳ ವಿಷಯ ಇನ್ನೂ ಕಷ್ಟ. 2022ರ ಕೊನೆಗೆ 1,537 ತಾಯಂದಿರ ಜೊತೆ 1,764 ಮಕ್ಕಳು ಜೈಲಿನೊಳಗೇ ಇದ್ದರು. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಆಮೇಲೆ ನೆಂಟರ ಮನೆ, ಇಲ್ಲವೇ ಹಾಸ್ಟೆಲ್. ಅಪ್ಪ ಜೈಲಿಗೆ ಹೋದರೆ ಮನೆ ಒದ್ದಾಡುತ್ತದೆ, ಆದರೂ ಅಮ್ಮ ಇರುತ್ತಾಳೆ. ಅಮ್ಮ ಹೋದರೆ ಎಷ್ಟೋ ಸಲ ಮಕ್ಕಳು ಒಂದೊಂದು ದಿಕ್ಕಾಗುತ್ತಾರೆ. ಹೆಂಗಸರಿಗಾಗಿಯೇ ಇರುವ ಜೈಲುಗಳು ದೇಶದಲ್ಲೇ ಕೆಲವು, ನಮ್ಮಲ್ಲಿ ತುಮಕೂರಿನದು ಅಂಥದ್ದು. ಉಳಿದ ಕಡೆ ಗಂಡಸರ ಜೈಲಿನ ಒಂದು ಮೂಲೆಯಲ್ಲಿ ಮಹಿಳಾ ವಿಭಾಗ. ಜೈಲು ದೂರವಾದಷ್ಟೂ ಅಮ್ಮನನ್ನು ನೋಡಲು ಮಗುವನ್ನು ಕರೆತರುವವರು ಕಡಿಮೆಯಾಗುತ್ತಾರೆ.

ಶ್ಯೂರಿಟಿ ಇಲ್ಲದವರಿಗೆ ದಾರಿ ಇಲ್ಲವೇ ಇಲ್ಲ ಅಂತೇನಲ್ಲ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ ವಿಚಾರಣಾ ಕೈದಿಗೆ ಜಾಮೀನಿಗಾಗಿ ಹಣ ಕೊಡುವ ಕೇಂದ್ರದ ಯೋಜನೆ ಇದೆ. ಮೊದಲ ಸಲ ಕೇಸಿಗೆ ಸಿಕ್ಕವರು ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಒಳಗೇ ಕಳೆದಿದ್ದರೆ, ಜೀವಾವಧಿ ಅಥವಾ ಗಲ್ಲಿನ ಕೇಸು ಅಲ್ಲದಿದ್ದರೆ, ಬಿಡಬೇಕು ಅಂತ ಹೊಸ ಕಾನೂನೇ ಹೇಳುತ್ತದೆ. ಆದರೆ ಇವೆಲ್ಲಕ್ಕೂ ಹೊರಗಿನಿಂದ ಒಬ್ಬರು ನೆನಪಿಸುವವರು ಬೇಕು, ಒಂದು ಅರ್ಜಿ ಬೇಕು. ಆ ಹೆಂಗಸಿನ ವಕೀಲರು ಅದೇ 2023ರ ಆದೇಶ ತೋರಿಸಿ, ಶ್ಯೂರಿಟಿ ಇಲ್ಲದೆ, ಅವಳೇ ಬರೆದುಕೊಡುವ ಸ್ವಂತ ಬಾಂಡಿನ ಮೇಲೆ ಬಿಡಿ ಅಂತ ಅರ್ಜಿ ಹಾಕಿದರು. ಎರಡು ವಾರದಲ್ಲಿ ಹೊರಗೆ ಬಂದಳು.

ನಿಮ್ಮ ಬೀದಿಯಲ್ಲೋ ಊರಲ್ಲೋ ಹೀಗೆ ಒಳಗೆ ಉಳಿದುಹೋದ ಹೆಂಗಸು ಇದ್ದರೆ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಅಲ್ಲಿ ಹೋಗಿ ಹೇಳಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೆಂಗಸರಿಗೆ, ಜೈಲಿನಲ್ಲಿ ಇರುವವರಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿ ಇಲ್ಲ, ಆದಾಯ ಪತ್ರ ಕೇಳಿದರೆ ಬೇಕಿಲ್ಲ ಅಂತ ಧೈರ್ಯವಾಗಿ ಹೇಳಿ. ಮತ್ತೆ, ಭೇಟಿ ದಿನ ಒಮ್ಮೆ ಹೋಗಿ ಅವಳನ್ನು ಮಾತಾಡಿಸಿಕೊಂಡು ಬನ್ನಿ.